ಸಹಯೋಗದ ಯೋಜನೆಗಳನ್ನು ಬೆಸೆಯುವ ಆನ್‌ಲೈನ್ ಡೈರೆಕ್ಟರಿ: ಮೈಸೂರು–ಮಂಡ್ಯದ ತಂಡಗಳಿಗೊಂದು ಸಮಗ್ರ ಮಾರ್ಗದರ್ಶಿ

ಊರೂರಿನ ವೀರಗಲ್ಲು, ಶಾಸನಗಳ ಚಿತ್ರ ತೆಗೆಯುವುದು, ಕನ್ನಡ ವಿಕಿಸೋರ್ಸ್ ಎಂಬ ಮುಕ್ತ ಆನ್‌ಲೈನ್ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳ ಪುಟಗಳನ್ನು ತಿದ್ದುವುದು, ಕುಕ್ಕರಹಳ್ಳಿ ಮತ್ತು ಲಿಂಗಾಂಬುಧಿ ಕೆರೆಗಳಲ್ಲಿ ಹಕ್ಕಿಗಳನ್ನು ಎಣಿಸುವುದು, ವಿಶ್ವೇಶ್ವರಯ್ಯ ನಾಲೆಯ ಕವಲುಗಳನ್ನು ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗುರುತಿಸುವುದು, ರಾಜಮುಡಿಯಂತಹ ನಾಟಿ ಭತ್ತದ ತಳಿಗಳ ವಿವರ ಬರೆದಿಡುವುದು, ಇವೆಲ್ಲ ಹಲವರು ಕೂಡಿ, ಸಂಬಳದ ನಿರೀಕ್ಷೆಯಿಲ್ಲದೆ ಮಾಡುವ ಕೆಲಸಗಳು. ಇಂತಹ ತಂಡಗಳು ಒಂದೇ ಜಿಲ್ಲೆಯಲ್ಲಿದ್ದರೂ ಪರಸ್ಪರ ಪರಿಚಯವಿಲ್ಲದೆ ಕೆಲಸ ಮಾಡುವುದು ಸಾಮಾನ್ಯ. ಒಬ್ಬರು ಪಟ್ಟಿ ಮಾಡಿ ಮುಗಿಸಿದ ಕೆರೆಗಳನ್ನು ಇನ್ನೊಬ್ಬರು ಮತ್ತೆ ಮೊದಲಿನಿಂದ ಪಟ್ಟಿ ಮಾಡುತ್ತಾರೆ. ಒಬ್ಬರ ಬಳಿ ಚಿತ್ರಗಳಿದ್ದು ಓದುವವರಿರುವುದಿಲ್ಲ, ಇನ್ನೊಬ್ಬರ ಬಳಿ ಹಳಗನ್ನಡ ಬಲ್ಲವರಿದ್ದು ಚಿತ್ರಗಳಿರುವುದಿಲ್ಲ. ಇವರನ್ನು ಒಬ್ಬರಿಗೊಬ್ಬರು ಕಾಣುವಂತೆ ಮಾಡುವ ಹಂಚಿಕೆಯ ಡೈರೆಕ್ಟರಿಯೊಂದನ್ನು ಕಟ್ಟುವ ಬಗೆಯನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಹೆಸರು, ಕೊಂಡಿ, ಎರಡು ಸಾಲಿನ ಪರಿಚಯ ಇರುವ ಪಟ್ಟಿಯನ್ನು ಒಂದು ಭಾನುವಾರದಲ್ಲಿ ಯಾರಾದರೂ ಸಿದ್ಧಪಡಿಸಬಹುದು. ಆದರೆ ಅಂತಹ ಪಟ್ಟಿಯನ್ನು ಓದಿದ ತಂಡವೊಂದು ಇನ್ನೊಂದು ತಂಡಕ್ಕೆ ಪತ್ರ ಬರೆಯಬೇಕಾದರೆ ಅದಕ್ಕೊಂದು ಕಾರಣ ಸಿಗಬೇಕು. ಪ್ರತಿ ಯೋಜನೆಯ ಬಳಿ ಕೊಡಲು ಏನಿದೆ, ಅದಕ್ಕೆ ಏನು ಬೇಕಾಗಿದೆ, ಅದು ಯಾರ ಕೆಲಸದ ಮೇಲೆ ನಿಂತಿದೆ ಎಂಬ ಮೂರು ಸಂಗತಿಗಳೇ ಆ ಕಾರಣವನ್ನು ಒದಗಿಸುತ್ತವೆ. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಆ ಮೂರನ್ನು ಸರಿಯಾಗಿ ಸಂಗ್ರಹಿಸಿ, ಹಳಸದಂತೆ ಉಳಿಸಿಕೊಳ್ಳುವುದಕ್ಕಾಗಿಯೇ ಇವೆ.

ಹಂತ 1: ಎಲ್ಲೆಯನ್ನು ಮೊದಲೇ ಬರೆದಿಡಿ

ಡೈರೆಕ್ಟರಿಯೊಳಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ಮೊದಲ ನಮೂದಿಗೂ ಮುಂಚೆಯೇ ಒಂದು ಪುಟದಲ್ಲಿ ಬರೆಯಬೇಕು. ಇಡೀ ಜಾಲದ ತಾಣಗಳನ್ನು ಸ್ವಯಂಸೇವಕರಿಂದಲೇ ಪಟ್ಟಿ ಮಾಡಿಸಲು 1998ರಲ್ಲಿ ಆರಂಭವಾದ ಓಪನ್ ಡೈರೆಕ್ಟರಿ ಪ್ರಾಜೆಕ್ಟ್, ಅಂದರೆ ಡಿಮಾಜ್, ಹತ್ತಾರು ಸಾವಿರ ಸಂಪಾದಕರ ದುಡಿಮೆಯನ್ನು ಕಂಡೂ 2017ರ ಮಾರ್ಚ್‌ನಲ್ಲಿ ಮುಚ್ಚಿತು. 1994ರಲ್ಲಿ ಹುಟ್ಟಿದ ಯಾಹೂ ಡೈರೆಕ್ಟರಿ 2014ರ ಕೊನೆಗೆ ನಿಂತಿತ್ತು. ಎಲ್ಲವನ್ನೂ ಸೇರಿಸಿಕೊಳ್ಳಲು ಹೊರಟ ಡೈರೆಕ್ಟರಿಯ ಕೆಲಸವನ್ನು ಹುಡುಕು ಎಂಜಿನ್‌ಗಳು ಹೆಚ್ಚು ವೇಗವಾಗಿ ಮಾಡುತ್ತವೆ. ಎರಡು ಜಿಲ್ಲೆಗಳ ತಂಡಗಳನ್ನು ಹತ್ತಿರದಿಂದ ಬಲ್ಲವರು ಕಟ್ಟಿದ ಚಿಕ್ಕ ಡೈರೆಕ್ಟರಿ ಮಾತ್ರ ಯಾವ ಎಂಜಿನ್‌ಗೂ ಸಿಗದ ತಿಳಿವಳಿಕೆಯನ್ನು ಕೊಡಬಲ್ಲದು.

ಸೇರ್ಪಡೆಗೆ ನಾಲ್ಕು ಷರತ್ತುಗಳು ಸಾಕು ಎಂಬುದು ನನ್ನ ಅಭಿಪ್ರಾಯ. ಯೋಜನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನ ಕೆಲಸ ಮಾಡುತ್ತಿರಬೇಕು ಇಲ್ಲವೇ ಮಾಡಲು ಅವಕಾಶವಿರಬೇಕು. ಅದರ ಫಲ ಹೊರಗಿನವರಿಗೆ ಕಾಣುವಂತಿರಬೇಕು. ಅದು ಮೈಸೂರು ಅಥವಾ ಮಂಡ್ಯ ಜಿಲ್ಲೆಯ ಸ್ಥಳ, ಜನ ಅಥವಾ ಸಾಮಗ್ರಿಗೆ ಸಂಬಂಧಿಸಿರಬೇಕು. ಮತ್ತು ಅದನ್ನು ನಡೆಸುವವರಲ್ಲಿ ಒಬ್ಬರಾದರೂ ಸೇರ್ಪಡೆಗೆ ಒಪ್ಪಿರಬೇಕು. ಮೂರನೆಯ ಷರತ್ತನ್ನು ಸಡಿಲವಾಗಿಯೇ ಓದಬೇಕು. ಕನ್ನಡ ವಿಕಿಪೀಡಿಯ 2003ರಿಂದ ಜಗತ್ತಿನೆಲ್ಲೆಡೆಯ ಕನ್ನಡಿಗರು ಬರೆಯುತ್ತಿರುವ ವಿಶ್ವಕೋಶವಾದರೂ ಪಾಂಡವಪುರದ ಕೆರೆಗಳ ಬಗ್ಗೆ ಅಲ್ಲಿ ಲೇಖನ ಬರೆಯುವ ತಂಡ ಇಲ್ಲಿಗೆ ಸೇರಿದ್ದೇ. ವಾಣಿಜ್ಯ ಸಂಸ್ಥೆಗಳ ಜಾಹೀರಾತು, ವ್ಯಕ್ತಿಯೊಬ್ಬರ ಸ್ವಂತ ಪುಟ, ಚುನಾವಣಾ ಪ್ರಚಾರ ಇವು ಬರುವುದಿಲ್ಲವೆಂದು ಸ್ಪಷ್ಟವಾಗಿ ಬರೆದಿಟ್ಟರೆ ಮುಂದೆ ಯಾರಿಗೂ ಮುಖ ನೋಡಿ ಇಲ್ಲವೆನ್ನುವ ಪ್ರಸಂಗ ಬರುವುದಿಲ್ಲ.

ಹಂತ 2: ಗುರುತಿನ ಸಂಖ್ಯೆಯಿಂದ ಆರಂಭಿಸಿ

ಪ್ರತಿ ಯೋಜನೆಗೂ ಎಂದೂ ಬದಲಾಗದ ಸಂಖ್ಯೆಯೊಂದನ್ನು ಕೊಡಬೇಕು. ಇದರ ಮಹತ್ವವನ್ನು ನಮ್ಮ ಶಾಸನಶಾಸ್ತ್ರದ ಚರಿತ್ರೆಯೇ ಚೆನ್ನಾಗಿ ತೋರಿಸಿಕೊಡುತ್ತದೆ. ಶಾಸನತಜ್ಞ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹಮಾಲೆಯ ಮೂರನೆಯ ಸಂಪುಟವನ್ನು 1894ರಲ್ಲಿ ಪ್ರಕಟಿಸಿದಾಗ ಶಾಸನಗಳಿಗೆ ತಾಲೂಕುವಾರು ಸಂಖ್ಯೆ ಕೊಟ್ಟರು. ಆಗ ಮಂಡ್ಯ ತಾಲೂಕು ಮೈಸೂರು ಜಿಲ್ಲೆಯೊಳಗಿತ್ತು. ಪ್ರತ್ಯೇಕ ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಮುಂದೆ 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ಹೊರತಂದಾಗ ಜಿಲ್ಲೆ, ತಾಲೂಕುಗಳ ಹೊಸ ಹಂಚಿಕೆಗೆ ತಕ್ಕಂತೆ ಶಾಸನಗಳ ಸಂಖ್ಯೆಗಳೂ ಬದಲಾದವು. ಹೀಗಾಗಿ ಇಂದಿಗೂ ಒಂದು ಶಾಸನವನ್ನು ಉಲ್ಲೇಖಿಸುವವರು ಯಾವ ಆವೃತ್ತಿಯ ಸಂಖ್ಯೆ ಎಂಬುದನ್ನು ಹೇಳಲೇಬೇಕು, ಓದುವವರು ಎರಡನ್ನೂ ಹೊಂದಿಸಿ ನೋಡಲೇಬೇಕು.

ಆದ್ದರಿಂದ ಸಂಖ್ಯೆಯೊಳಗೆ ಊರು, ತಾಲೂಕು, ವಿಷಯ, ವರ್ಷ ಯಾವುದನ್ನೂ ಅಡಗಿಸಬಾರದು. 1001ರಿಂದ ಆರಂಭಿಸಿ, ಬಂದ ಕ್ರಮದಲ್ಲಿ 1002, 1003 ಎಂದು ಕೊಡುತ್ತಾ ಹೋದರೆ ಸಾಕು. ಯೋಜನೆ ನಿಂತುಹೋದರೂ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬಾರದು. ಎರಡು ಯೋಜನೆಗಳು ಒಂದಾದರೆ ಹೊಸದೊಂದು ಸಂಖ್ಯೆ ಕೊಟ್ಟು, ಹಳೆಯ ಎರಡೂ ನಮೂದುಗಳಿಂದ ಅದಕ್ಕೆ ದಾರಿ ತೋರಿಸಬೇಕು.

ಹಂತ 3: ನಮೂದಿನ ಕಾಲಂಗಳನ್ನು ನಿಗದಿಪಡಿಸಿ

ಕಾಲಂಗಳು ಹೆಚ್ಚಿದಷ್ಟೂ ತುಂಬುವವರು ಕಡಿಮೆಯಾಗುತ್ತಾರೆ. ಯೋಜನೆಯ ಹೆಸರು, ಬೇರೆ ಹೆಸರುಗಳು, ಎರಡು ವಾಕ್ಯದ ವಿವರಣೆ, ಮುಖ್ಯ ಕೊಂಡಿ, ಸ್ಥಳ, ಕಾಲ, ವಿಷಯ, ಕೆಲಸದ ಬಗೆ, ಫಲದ ಪರವಾನಗಿ, ಸ್ಥಿತಿ, ಕೊಡಬಲ್ಲದ್ದು, ಬೇಕಾದದ್ದು, ಸಂಪರ್ಕ, ಕೊನೆಯದಾಗಿ ಪರಿಶೀಲಿಸಿದ ದಿನಾಂಕ, ಇಷ್ಟೇ ಸಾಕಾಗುತ್ತದೆ.

ವಿವರಣೆಯನ್ನು ಬರೆಯುವಾಗ ಹೊಗಳಿಕೆಯನ್ನು ಕೈಬಿಡಬೇಕು. “ನಾಡಿನ ಭವ್ಯ ಪರಂಪರೆಯನ್ನು ಮುಂದಿನ ಪೀಳಿಗೆಗೆ ದಾಟಿಸುವ ಮಹತ್ವದ ಪ್ರಯತ್ನ” ಎಂಬ ವಾಕ್ಯ ಯಾವ ಯೋಜನೆಗೆ ಬೇಕಾದರೂ ಹೊಂದುವುದರಿಂದ ಯಾವುದನ್ನೂ ತಿಳಿಸುವುದಿಲ್ಲ. “ನಾಗಮಂಗಲ ತಾಲೂಕಿನ ವೀರಗಲ್ಲುಗಳನ್ನು ಗ್ರಾಮವಾರು ಗುರುತಿಸಿ, ಹಗಲು ಬೆಳಕಿನಲ್ಲಿ ಚಿತ್ರ ತೆಗೆದು ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರ ಭಂಡಾರಕ್ಕೆ ಸೇರಿಸಲಾಗುತ್ತದೆ, ಕಲ್ಲಿನ ಮೇಲಿನ ಬರಹವನ್ನು ಓದುವ ಕೆಲಸವನ್ನು ಈ ತಂಡ ಮಾಡುವುದಿಲ್ಲ” ಎಂದು ಬರೆದರೆ ಓದಿದವರಿಗೆ ಇಲ್ಲೇನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಒಮ್ಮೆಗೇ ತಿಳಿಯುತ್ತದೆ. ಎರಡನೆಯ ಭಾಗದಲ್ಲಿ ಯೋಜನೆ ಮಾಡದ ಕೆಲಸವನ್ನು ಹೇಳುವುದು ಬಹಳ ಉಪಯುಕ್ತ, ಏಕೆಂದರೆ ಇನ್ನೊಂದು ತಂಡ ಕೈಜೋಡಿಸಬಹುದಾದ ಜಾಗ ಅದೇ.

ಕೊಡಬಲ್ಲದ್ದು, ಬೇಕಾದದ್ದು ಎಂಬ ಎರಡು ಕಾಲಂಗಳಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. “ಸಹಕಾರ ಬೇಕು”, “ಸ್ವಯಂಸೇವಕರು ಬೇಕು” ಎಂಬ ಉತ್ತರ ಬಂದರೆ ಅದನ್ನು ಹಾಗೆಯೇ ಸೇರಿಸದೆ, ಫೋನ್ ಮಾಡಿ ಮತ್ತೊಮ್ಮೆ ಕೇಳಬೇಕು. ಯಾವ ಕೆಲಸ ಎಲ್ಲಿ ನಿಂತಿದೆ, ಅದನ್ನು ಮುಂದುವರಿಸಲು ಯಾವ ಬಗೆಯ ತಿಳಿವಳಿಕೆ ಅಥವಾ ಸಾಮಗ್ರಿ ಬೇಕು ಎಂದು ಕೇಳಿದರೆ, “ಹೊಯ್ಸಳ ಕಾಲದ ಲಿಪಿ ಓದಬಲ್ಲ ಒಬ್ಬರು ತಿಂಗಳಿಗೆ ಒಂದು ಸಂಜೆ ಬೇಕು” ಅಥವಾ “ಮಳವಳ್ಳಿ ತಾಲೂಕಿನ ಕೆರೆಗಳ ಹಳೆಯ ಹೆಸರುಗಳ ಪಟ್ಟಿ ಬೇಕು” ಎಂಬ ನಿಖರ ಉತ್ತರಗಳು ಬರುತ್ತವೆ. ಅದೇ ರೀತಿ ಕೊಡಬಲ್ಲದ್ದರಲ್ಲಿ ಸ್ಕ್ಯಾನರ್, ಧ್ವನಿಮುದ್ರಣದ ಉಪಕರಣ, ಜಿಪಿಎಸ್ ದತ್ತಾಂಶ, ತರಬೇತಿ ಕೊಡಬಲ್ಲ ಜನ ಹೀಗೆ ಹೆಸರಿಸಬಹುದಾದ ವಸ್ತುಗಳೇ ಇರಬೇಕು.

ಸ್ಥಿತಿಯ ಕಾಲಂನಲ್ಲಿ ಸಕ್ರಿಯ, ನಿಧಾನ, ಮುಗಿದಿದೆ, ನಿಂತಿದೆ ಎಂಬ ನಾಲ್ಕೇ ಆಯ್ಕೆಗಳಿರಲಿ. ಮುಗಿದ ಯೋಜನೆಗೂ ನಿಂತ ಯೋಜನೆಗೂ ಬಹಳ ವ್ಯತ್ಯಾಸವಿದೆ. ಗುರಿ ಮುಟ್ಟಿ ಮುಗಿದ ಕೆಲಸದ ಫಲವನ್ನು ಯಾರಾದರೂ ಧೈರ್ಯದಿಂದ ಬಳಸಬಹುದು. ಅರ್ಧಕ್ಕೆ ನಿಂತ ಕೆಲಸವನ್ನು ಬೇರೊಂದು ತಂಡ ಕೈಗೆತ್ತಿಕೊಳ್ಳಬಹುದು. ಎರಡನ್ನೂ ಅಳಿಸದೆ ಉಳಿಸಬೇಕು.

ಹಂತ 4: ಸಂಬಂಧಗಳಿಗೆ ಪ್ರತ್ಯೇಕ ಹಾಳೆ

ಡೈರೆಕ್ಟರಿಯ ಜೀವಾಳ ಇದು. ಯೋಜನೆಗಳ ಹಾಳೆಯಲ್ಲೇ “ಸಂಬಂಧಿತ ಯೋಜನೆಗಳು” ಎಂಬ ಕಾಲಂ ಮಾಡಿ ಅದರೊಳಗೆ ನಾಲ್ಕಾರು ಹೆಸರುಗಳನ್ನು ಅಲ್ಪವಿರಾಮ ಹಾಕಿ ತುಂಬುವ ಕ್ರಮವನ್ನು ಅನುಸರಿಸಬಾರದು. ಏಕೆ ಸಂಬಂಧ, ಯಾವ ದಿಕ್ಕಿನ ಸಂಬಂಧ ಎಂಬುದು ಅದರಲ್ಲಿ ಕಳೆದುಹೋಗುತ್ತದೆ. ಬದಲಾಗಿ ಎರಡನೆಯ ಹಾಳೆಯೊಂದನ್ನು ತೆರೆದು, ಮೊದಲ ಯೋಜನೆಯ ಸಂಖ್ಯೆ, ಸಂಬಂಧದ ಬಗೆ, ಎರಡನೆಯ ಯೋಜನೆಯ ಸಂಖ್ಯೆ, ಆಧಾರ, ದಿನಾಂಕ ಎಂಬ ಐದು ಕಾಲಂ ಇಡಬೇಕು. ಒಂದು ಸಾಲು ಒಂದೇ ಸಂಬಂಧವನ್ನು ಹೇಳಬೇಕು.

ಸಂಬಂಧದ ಬಗೆಗಳನ್ನು ಐದಕ್ಕೆ ಸೀಮಿತಗೊಳಿಸುವುದು ಒಳ್ಳೆಯದು: ಒಂದು ಇನ್ನೊಂದರ ಫಲವನ್ನು ಬಳಸುತ್ತದೆ, ಒಂದು ಇನ್ನೊಂದರ ಭಾಗವಾಗಿದೆ, ಒಂದು ಇನ್ನೊಂದನ್ನು ಮುಂದುವರಿಸಿದೆ, ಎರಡೂ ಒಂದೇ ಕೆಲಸವನ್ನು ಬೇರೆ ಬೇರೆ ಪ್ರದೇಶದಲ್ಲಿ ಮಾಡುತ್ತಿವೆ, ಎರಡೂ ಒಂದೇ ಪ್ರದೇಶದಲ್ಲಿ ಬೇರೆ ಬೇರೆ ಕೆಲಸ ಮಾಡುತ್ತಿವೆ. ಮೊದಲ ಮೂರಕ್ಕೆ ದಿಕ್ಕಿದೆ, ಕೊನೆಯ ಎರಡಕ್ಕೆ ಇಲ್ಲ. ದಿಕ್ಕಿರುವ ಸಂಬಂಧವನ್ನು ಒಂದೇ ಕಡೆಯಿಂದ ಬರೆದರೆ ಸಾಕು. “ಬಳಸುತ್ತದೆ” ಎಂಬುದರ ತಿರುಗು ರೂಪವಾದ “ಇದನ್ನು ಬಳಸುವವರು” ಎಂಬ ಪಟ್ಟಿಯನ್ನು ಸ್ಪ್ರೆಡ್‌ಶೀಟ್‌ನ ಫಿಲ್ಟರ್ ಸೌಲಭ್ಯವೇ ತೋರಿಸಿಕೊಡುತ್ತದೆ. ಎರಡೂ ಕಡೆ ಕೈಯಾರೆ ಬರೆಯಹೋದರೆ ಒಂದನ್ನು ತಿದ್ದಿದಾಗ ಇನ್ನೊಂದು ಹಾಗೆಯೇ ಉಳಿದುಬಿಡುತ್ತದೆ.

ಒಂದು ಉದಾಹರಣೆಯನ್ನು ಕೊನೆಯವರೆಗೂ ನೋಡೋಣ. 1001 ಎಂಬುದು ವೀರಗಲ್ಲುಗಳ ಚಿತ್ರ ತೆಗೆಯುವ ತಂಡ, 1002 ಎಂಬುದು ಎಪಿಗ್ರಾಫಿಯಾ ಕರ್ನಾಟಿಕಾದ 1894ರ ಸಂಪುಟದ ಕನ್ನಡ ಪಠ್ಯವನ್ನು ವಿಕಿಸೋರ್ಸ್‌ನಲ್ಲಿ ತಿದ್ದುವ ತಂಡ, 1003 ಎಂಬುದು ಮಳವಳ್ಳಿ, ಮದ್ದೂರು ತಾಲೂಕುಗಳ ಗುಡಿ, ಕೆರೆ, ಕಲ್ಲುಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗುರುತಿಸುವ ತಂಡ ಎಂದುಕೊಳ್ಳೋಣ. 1001 ತನ್ನ ಕ್ಷೇತ್ರಕಾರ್ಯಕ್ಕೆ 1002 ತಿದ್ದಿದ ಪಠ್ಯದಲ್ಲಿರುವ ಊರುಗಳ ಹೆಸರನ್ನು ನೋಡಿಕೊಳ್ಳುತ್ತಿದ್ದರೆ “1001 ಬಳಸುತ್ತದೆ 1002” ಎಂಬ ಸಾಲು ಬರುತ್ತದೆ. 1001 ಮತ್ತು 1003 ಎರಡೂ ಮಳವಳ್ಳಿ ತಾಲೂಕಿನಲ್ಲಿದ್ದರೆ ಐದನೆಯ ಬಗೆಯ ಸಂಬಂಧದ ಸಾಲು ಬರುತ್ತದೆ. ಈಗ 1003ರ “ಬೇಕಾದದ್ದು” ಕಾಲಂನಲ್ಲಿ “ಕಲ್ಲುಗಳು ಇರುವ ನಿಖರ ಜಾಗ” ಎಂದೂ 1001ರ “ಕೊಡಬಲ್ಲದ್ದು” ಕಾಲಂನಲ್ಲಿ “ಚಿತ್ರದೊಂದಿಗೆ ಅಕ್ಷಾಂಶ, ರೇಖಾಂಶ” ಎಂದೂ ಇರುವುದು ಪಕ್ಕಪಕ್ಕದಲ್ಲೇ ಕಾಣುತ್ತದೆ. ಡೈರೆಕ್ಟರಿ ನೋಡಿಕೊಳ್ಳುವವರು ಇಬ್ಬರಿಗೂ ಒಂದೇ ಸಂದೇಶ ಕಳಿಸಿ ಪರಿಚಯ ಮಾಡಿಸಬೇಕಾದ ಕ್ಷಣ ಇದು. ಅವರು ಕೂಡಿ ಕೆಲಸ ಆರಂಭಿಸಿದ ಮೇಲೆ “1003 ಬಳಸುತ್ತದೆ 1001” ಎಂಬ ಹೊಸ ಸಾಲು ಸೇರುತ್ತದೆ.

ವಿಷಯ ಬೇರೆಯಾದರೂ ಸಂಬಂಧವಿರುವ ಸಂದರ್ಭಗಳನ್ನು ವಿಶೇಷವಾಗಿ ಹುಡುಕಬೇಕು. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲಿ ಗೂಡು ಕಟ್ಟಿ, ಸುತ್ತಲಿನ ಕೆರೆಗಳಲ್ಲಿ ಮೀನು ಹಿಡಿಯುತ್ತವೆ. ಹೀಗಾಗಿ ಗೂಡು ಎಣಿಸುವವರ ಲೆಕ್ಕಕ್ಕೂ ಕೆರೆಗಳ ನೀರಿನ ಮಟ್ಟ ಬರೆದಿಡುವವರ ಲೆಕ್ಕಕ್ಕೂ ನೇರ ನಂಟಿದೆ. ಆದರೆ ಒಂದು ತಂಡ ತನ್ನನ್ನು “ಪಕ್ಷಿ” ಎಂದೂ ಇನ್ನೊಂದು “ನೀರಾವರಿ” ಎಂದೂ ಕರೆದುಕೊಳ್ಳುವುದರಿಂದ ವಿಷಯದ ಪಟ್ಟಿಯಲ್ಲಿ ಅವು ಎಂದೂ ಹತ್ತಿರ ಬರುವುದಿಲ್ಲ. ಇಂತಹ ನಂಟನ್ನು ಊರು ಬಲ್ಲ ಮನುಷ್ಯರೇ ಗುರುತಿಸಿ ಬರೆಯಬೇಕು.

“ಆಧಾರ” ಎಂಬ ಕಾಲಂ ಖಾಲಿ ಬಿಡಬಾರದು. ಯೋಜನೆಯ ಪುಟದಲ್ಲಿ ಹಾಗೆಂದು ಬರೆದಿದೆ, ಇಲ್ಲವೇ ತಂಡದವರು ಇಂತಹ ದಿನ ತಿಳಿಸಿದರು ಎಂಬಷ್ಟಾದರೂ ಇರಬೇಕು. ಒಂದು ತಂಡ ತನ್ನ ದತ್ತಾಂಶವನ್ನು ಇನ್ನೊಂದು ಬಳಸುತ್ತಿದೆ ಎಂದು ಹೇಳಿ, ಇನ್ನೊಂದು ಇಲ್ಲವೆಂದರೆ, ಇಬ್ಬರೂ ಒಪ್ಪುವವರೆಗೆ ಆ ಸಾಲನ್ನು ಪ್ರಕಟಿಸದಿರುವುದೇ ನ್ಯಾಯ.

ಹಂತ 5: ವರ್ಗೀಕರಣವನ್ನು ಹಲವು ಮುಖಗಳಲ್ಲಿ ಮಾಡಿ

ವಿಷಯ, ಉಪವಿಷಯ, ಅದರೊಳಗಿನ ಉಪವಿಷಯ ಎಂದು ಒಂದೇ ಕ್ರಮದಲ್ಲಿ ಕವಲೊಡೆಯುವ ಪಟ್ಟಿ ಮಾಡಿದರೆ, ತಿ. ನರಸೀಪುರದ ನದಿ ಸಂಗಮದ ಜನಪದ ಗೀತೆಗಳ ಧ್ವನಿಮುದ್ರಣ ಸಂಗೀತದೊಳಗೋ, ಜನಪದದೊಳಗೋ, ನದಿಯೊಳಗೋ ಎಂಬ ಪ್ರಶ್ನೆ ಏಳುತ್ತದೆ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ಪದ್ಧತಿ ಈ ತೊಡಕಿಗೆ ಕೊಟ್ಟ ಪರಿಹಾರ ಇಂದಿಗೂ ಸಮರ್ಪಕವಾಗಿದೆ: ಒಂದು ವಿಷಯವನ್ನು ಒಂದೇ ಗೂಡಿಗೆ ತಳ್ಳದೆ, ಅದರ ಬೇರೆ ಬೇರೆ ಮುಖಗಳನ್ನು ಬೇರೆಬೇರೆಯಾಗಿ ಹೇಳಿ ಜೋಡಿಸುವುದು. ನಮ್ಮ ಡೈರೆಕ್ಟರಿಗೆ ವಿಷಯ, ಕೆಲಸದ ಬಗೆ, ಸ್ಥಳ, ಕಾಲ ಎಂಬ ನಾಲ್ಕು ಮುಖಗಳು ಸಾಕು. ಮೇಲಿನ ಯೋಜನೆಯಲ್ಲಿ ವಿಷಯ ಜನಪದ ಗೀತೆ, ಕೆಲಸದ ಬಗೆ ಧ್ವನಿಮುದ್ರಣ, ಸ್ಥಳ ತಿ. ನರಸೀಪುರ ತಾಲೂಕು. ಕೆಲಸದ ಬಗೆಯ ಮುಖದಿಂದ ನೋಡಿದವರಿಗೆ ಭತ್ತದ ತಳಿಗಳ ಬಗ್ಗೆ ಹಿರಿಯ ರೈತರ ಮಾತುಗಳನ್ನು ಮುದ್ರಿಸಿಕೊಳ್ಳುವ ತಂಡವೂ ಅದರ ಪಕ್ಕದಲ್ಲೇ ಸಿಗುತ್ತದೆ. ಇಬ್ಬರೂ ಒಂದೇ ಉಪಕರಣವನ್ನು ಹಂಚಿಕೊಳ್ಳಬಹುದು.

ಪ್ರತಿ ಮುಖದ ಪದಗಳನ್ನು ಮೊದಲೇ ಪಟ್ಟಿ ಮಾಡಿ, ಆಯ್ಕೆ ಪಟ್ಟಿಯಿಂದಲೇ ಆರಿಸುವಂತೆ ಮಾಡಬೇಕು.

ಹಂತ 6: ಪರವಾನಗಿಯನ್ನು ಅರಿತು ಬರೆಯಿರಿ

ಇಬ್ಬರು ಒಳ್ಳೆಯ ಮನಸ್ಸಿನಿಂದ ಕೂಡಿದರೂ ಅವರ ಕೆಲಸ ಕೂಡದಂತೆ ಮಾಡುವುದು ಪರವಾನಗಿ. ವಿಕಿಪೀಡಿಯದ ಪಠ್ಯ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ-ಎಸ್‌ಎ 4.0 ಪರವಾನಗಿಯಲ್ಲಿದೆ, ಅಂದರೆ ಬಳಸುವವರು ಮೂಲವನ್ನು ಹೆಸರಿಸಬೇಕು ಮತ್ತು ತಮ್ಮ ಮಾರ್ಪಾಟನ್ನೂ ಅದೇ ಬಗೆಯ ಪರವಾನಗಿಯಲ್ಲಿ ಹಂಚಬೇಕು. 2012ರಿಂದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶ ಓಡಿಬಿಎಲ್ ಎಂಬ, ಇಂತಹದೇ ಷರತ್ತುಗಳಿರುವ ದತ್ತಾಂಶ ಪರವಾನಗಿಯಲ್ಲಿದೆ. ವಿಕಿಪೀಡಿಯದ ಸೋದರ ದತ್ತಾಂಶ ಭಂಡಾರವಾದ ವಿಕಿಡೇಟಾ ಸಿಸಿ0 ಅಡಿಯಲ್ಲಿ, ಯಾವ ಷರತ್ತೂ ಇಲ್ಲದೆ ಬಿಡುಗಡೆಯಾಗಿದೆ. ಹೀಗಿರುವುದರಿಂದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಕೆರೆಗಳ ಪಟ್ಟಿಯನ್ನು ಸಾರಾಸಗಟಾಗಿ ಎತ್ತಿ ವಿಕಿಡೇಟಾಗೆ ಸುರಿಯುವಂತಿಲ್ಲ. ವಿಕಿಡೇಟಾದಿಂದ ತೆಗೆದುಕೊಳ್ಳುವವರಿಗೆ ವಿಕಿಡೇಟಾದ ಕಡೆಯಿಂದ ಅಂತಹ ತಡೆಯಿಲ್ಲ. ಗೂಗಲ್ ಮ್ಯಾಪ್ಸ್ ನೋಡಿ ನಕಲು ಮಾಡಿದ ಹೆಸರು, ಗಡಿಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಒಪ್ಪುವುದೇ ಇಲ್ಲ.

ಸ್ಥಳೀಯ ತಂಡಗಳು “ವಾಣಿಜ್ಯ ಬಳಕೆಗೆ ಅವಕಾಶವಿಲ್ಲ” ಎಂಬ ಷರತ್ತನ್ನು ಎಚ್ಚರಿಕೆಯ ಕ್ರಮವೆಂದು ಭಾವಿಸಿ ಹಾಕುವುದುಂಟು. ಆ ಷರತ್ತಿರುವ ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್ ಸ್ವೀಕರಿಸುವುದಿಲ್ಲವಾದ್ದರಿಂದ, ಅವು ವಿಕಿಪೀಡಿಯದ ಲೇಖನಗಳಿಗೂ ವಿಕಿಸೋರ್ಸ್‌ಗೂ ದೂರವಾಗಿಬಿಡುತ್ತವೆ. ನಮೂದು ತುಂಬಿಸುವಾಗಲೇ ಈ ಪರಿಣಾಮವನ್ನು ತಂಡಕ್ಕೆ ತಿಳಿಸಿ, ನಿರ್ಧಾರವನ್ನು ಅವರಿಗೇ ಬಿಡಬೇಕು. ಹಳೆಯ ಪುಸ್ತಕಗಳ ವಿಷಯದಲ್ಲಿ, ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಲೇಖಕರ ಮರಣದ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ರೈಸ್ ಅವರು 1927ರಲ್ಲಿ ತೀರಿಕೊಂಡಿದ್ದರಿಂದ ಅವರ ಸಂಪುಟ ಈಗ ಸಾರ್ವಜನಿಕ ಸ್ವತ್ತು. 1972ರ ನಂತರದ ಪರಿಷ್ಕೃತ ಸಂಪುಟಗಳನ್ನು ಹಾಗೆಂದು ಭಾವಿಸಬಾರದು.

ಡೈರೆಕ್ಟರಿಯ ದತ್ತಾಂಶವನ್ನು ಸಿಸಿ0 ಅಡಿಯಲ್ಲಿ ಬಿಡುಗಡೆ ಮಾಡುವುದು ಒಳ್ಳೆಯದು. ಯಾರು ಬೇಕಾದರೂ ಅದನ್ನು ನಕಲು ಮಾಡಿಕೊಳ್ಳುವಂತಿದ್ದರೆ ಈ ಡೈರೆಕ್ಟರಿ ನಡೆಸುವವರು ದಣಿದ ದಿನವೂ ಕೆಲಸ ಉಳಿಯುತ್ತದೆ.

ಹಂತ 7: ಕನ್ನಡದ ಅಕ್ಷರಗಳನ್ನು ಸರಿಪಡಿಸಿಕೊಳ್ಳಿ

ಕನ್ನಡದ ಡೈರೆಕ್ಟರಿಯಲ್ಲಿ ಹುಡುಕಿದ್ದು ಸಿಗದಿರುವುದಕ್ಕೆ ಬಹಳ ಸಲ ಕಾರಣ ಅಕ್ಷರಗಳ ಸಂಕೇತವೇ. ನುಡಿ, ಬರಹ ತಂತ್ರಾಂಶಗಳ ಹಳೆಯ ಯೂನಿಕೋಡೇತರ ಫಾಂಟ್‌ಗಳಲ್ಲಿ ಬಂದ ಮಾಹಿತಿಯನ್ನು ಮೊದಲು ಎಲ್ಲ ಸಾಧನಗಳೂ ಓದಬಲ್ಲ ಏಕರೂಪದ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳು ಸರಿಯಿವೆಯೇ ಎಂದು ಕಣ್ಣಾರೆ ನೋಡಬೇಕು. ಯೂನಿಕೋಡ್‌ನಲ್ಲೂ “ಕೊ” ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎತ್ವ ಮತ್ತು ಊಕಾರದ ಎರಡು ಸಂಕೇತಗಳಾಗಿಯೂ ಬರೆಯಬಹುದು; ಕಣ್ಣಿಗೆ ಒಂದೇ ರೀತಿ ಕಂಡರೂ ಕಂಪ್ಯೂಟರ್‌ಗೆ ಅವು ಬೇರೆ. ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಗೊಳಿಸುವ ವಿಧಾನವನ್ನು ಇಡೀ ಕಡತಕ್ಕೆ ಒಮ್ಮೆ ಅನ್ವಯಿಸಿದರೆ ಈ ತೊಂದರೆ ತೀರುತ್ತದೆ. “ಫೇಸ್‌ಬುಕ್” ಎಂಬಲ್ಲಿ ಸಕಾರದ ನಂತರ ಒತ್ತಕ್ಷರವಾಗದಂತೆ ತಡೆಯಲು ಹಾಕುವ ಕಾಣದ ಸಂಕೇತ ಒಬ್ಬರ ಬರಹದಲ್ಲಿದ್ದು ಇನ್ನೊಬ್ಬರ ಬರಹದಲ್ಲಿ ಇಲ್ಲದಿರಬಹುದು. ಹುಡುಕುವಾಗ ಆ ಸಂಕೇತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ವ್ಯವಸ್ಥೆ ಮಾಡಬೇಕು.

ಅಕಾರಾದಿಯಲ್ಲೂ ಒಂದು ತೊಡಕಿದೆ. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ ಬರುತ್ತದೆ, ಆದರೆ ಯೂನಿಕೋಡ್ ಕೋಷ್ಟಕದಲ್ಲಿ ಅದು ಲಕಾರದ ಬೆನ್ನಿಗೇ ಇದೆ. ಸಂಕೇತಗಳ ಕ್ರಮದಲ್ಲೇ ಜೋಡಿಸುವ ತಂತ್ರಾಂಶ “ಬಳ್ಳಿ”ಯನ್ನು “ಬಸವ”ನಿಗಿಂತ ಮೊದಲು ಇಡುತ್ತದೆ. ಜೋಡಣೆಯ ಭಾಷೆಯಾಗಿ ಕನ್ನಡವನ್ನು ಆರಿಸುವ ಅವಕಾಶ ತಂತ್ರಾಂಶದಲ್ಲಿದೆಯೇ ಎಂದು ನೋಡಿಕೊಳ್ಳಬೇಕು.

“ಬೇರೆ ಹೆಸರುಗಳು” ಎಂಬ ಕಾಲಂ ಉಪಯೋಗಕ್ಕೆ ಬರುವುದು ಇಲ್ಲಿಯೇ. ಕೃಷ್ಣರಾಜಪೇಟೆಯನ್ನು ಜನ ಕೆ.ಆರ್. ಪೇಟೆ ಎಂದೇ ಹುಡುಕುತ್ತಾರೆ. ಮೈಸೂರಿನ ರೋಮನ್ ಲಿಪಿಯ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾದರೂ ಹಳೆಯ ಬರಹಗಳಲ್ಲಿ ಹಿಂದಿನ ಕಾಗುಣಿತವೇ ಇರುತ್ತದೆ. ರೋಮನ್ ಲಿಪಿಯ ಎರಡೂ ರೂಪಗಳನ್ನು, ರೂಢಿಯ ಹೆಸರನ್ನು, ಸಂಕ್ಷೇಪವನ್ನು ಆ ಕಾಲಂನಲ್ಲಿ ತುಂಬಿರಿ.

ಹಂತ 8: ಸಾಧನ

ಸ್ಪ್ರೆಡ್‌ಶೀಟ್‌ನಿಂದಲೇ ಆರಂಭಿಸಬೇಕೆಂದು ಬಲವಾಗಿ ಸಲಹೆ ಮಾಡುತ್ತೇನೆ. ಗೂಗಲ್ ಶೀಟ್ಸ್‌ನ ಒಂದು ಕಡತ 1 ಕೋಟಿ ಕೋಶಗಳವರೆಗೆ ಹಿಡಿಸುತ್ತದೆ, ಎರಡು ಜಿಲ್ಲೆಗಳ ಕೆಲಸಕ್ಕೆ ಅದು ಎಂದೂ ಸಾಲದಾಗುವುದಿಲ್ಲ. ಸಾರ್ವಜನಿಕರಿಗೆ ಓದುವ ಅವಕಾಶ, ಮೂರ್ನಾಲ್ಕು ಸಂಪಾದಕರಿಗೆ ತಿದ್ದುವ ಅವಕಾಶ, ಹೊಸಬರಿಗೆ ಒಂದು ಫಾರಂ ಇಷ್ಟನ್ನು ತೆರೆದರೆ ಕೆಲಸ ಮೊದಲಾಗುತ್ತದೆ. ಓದುಗರು ಬಹುಮಟ್ಟಿಗೆ ಮೊಬೈಲ್‌ನಲ್ಲೇ ನೋಡುವುದರಿಂದ, ಸ್ವಲ್ಪ ನಮೂದುಗಳಾದ ಮೇಲೆ ಪ್ರತಿ ಯೋಜನೆಗೂ ಒಂದೊಂದು ಸರಳ ಪುಟವಾಗಿ ತೋರಿಸುವ ಜಾಲತಾಣವನ್ನು ಅದೇ ಕಡತದಿಂದ ತಯಾರಿಸಿಕೊಳ್ಳಬಹುದು. ಸಂಬಂಧಗಳ ಹಾಳೆ ಹಿರಿದಾಗಿ, ಹಲವರು ಒಟ್ಟಿಗೆ ತಿದ್ದುವ ಅಗತ್ಯ ಬಂದಾಗ ವಿಕಿ ಪುಟಗಳಲ್ಲೇ ದತ್ತಾಂಶ ಜೋಡಿಸುವ ಸೆಮ್ಯಾಂಟಿಕ್ ಮೀಡಿಯಾವಿಕಿ ಅಥವಾ ವಿಕಿಡೇಟಾವನ್ನು ನಡೆಸುವ ವಿಕಿಬೇಸ್ ತಂತ್ರಾಂಶಕ್ಕೆ ಸಾಗುವುದನ್ನು ಯೋಚಿಸಬಹುದು. ಅದಕ್ಕೆ ಸರ್ವರ್ ನೋಡಿಕೊಳ್ಳಬಲ್ಲವರು ಬೇಕು, ಅಂಥವರು ಇಬ್ಬರಾದರೂ ಇಲ್ಲದೆ ಹೊರಡಬೇಡಿ.

ಕಡತವನ್ನು ಹಂಚುವಾಗ ಯೂನಿಕೋಡ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಸಂಕೇತದ, ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯವಾದ ಸಿಎಸ್‌ವಿ ರೂಪದಲ್ಲಿ ಕೊಡಿ. ಎಕ್ಸೆಲ್‌ನಲ್ಲಿ ಅದನ್ನು ನೇರವಾಗಿ ತೆರೆದಾಗ ಕನ್ನಡ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಂಡರೆ ಕಡತ ಕೆಟ್ಟಿಲ್ಲವೆಂದೂ, ಆಮದು ಮಾಡುವಾಗ ಯುಟಿಎಫ್-8 ಆರಿಸಬೇಕೆಂದೂ ಪಕ್ಕದಲ್ಲೇ ಒಂದು ಸಾಲು ಬರೆದಿಡಿ.

ಹಂತ 9: ಮೊದಲ ನಮೂದುಗಳನ್ನು ಕೂತು ತುಂಬಿಸಿ

ಫಾರಂ ಕೊಂಡಿಯನ್ನು ವಾಟ್ಸ್‌ಆಪ್ ಗುಂಪುಗಳಿಗೆ ಕಳಿಸಿ ಕಾಯುವುದರಿಂದ ಡೈರೆಕ್ಟರಿ ತುಂಬುವುದಿಲ್ಲ. ಮೊದಲ ಇಪ್ಪತ್ತು, ಮೂವತ್ತು ನಮೂದುಗಳನ್ನು ತಂಡದವರ ಎದುರು ಕೂತು, ಅಥವಾ ಫೋನಿನಲ್ಲಿ ಮಾತನಾಡಿ ಸಂಪಾದಕರೇ ಬರೆಯಬೇಕು. ಬರೆದದ್ದನ್ನು ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಬೇಕು. ಮೈಸೂರಿಗೂ ಮಂಡ್ಯಕ್ಕೂ ನಡುವೆ ಸುಮಾರು 45 ಕಿಲೋಮೀಟರ್ ಅಷ್ಟೇ ಇರುವುದರಿಂದ ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ಸೇರುವುದು ಕಷ್ಟವಲ್ಲ. ನಾಲೆ ಬಯಲಿನ ರೈತರ ತಂಡಗಳನ್ನು ಜುಲೈ, ಆಗಸ್ಟ್‌ನ ನಾಟಿ ಕೆಲಸದ ನಡುವೆ ಕರೆಯಬಾರದು, ಮೈಸೂರಿನವರನ್ನು ದಸರಾ ದಿನಗಳಲ್ಲಿ ಕರೆಯಬಾರದು. ಪ್ರತಿ ಸಂಭಾಷಣೆಯ ಕೊನೆಗೆ “ನಿಮ್ಮ ಕೆಲಸಕ್ಕೆ ಹತ್ತಿರವಾದ ಕೆಲಸ ಮಾಡುವವರು ಇನ್ನಾರು ಗೊತ್ತು?” ಎಂದು ಕೇಳಿ. ಮುಂದಿನ ನಮೂದೂ, ಸಂಬಂಧಗಳ ಹಾಳೆಯ ಮುಂದಿನ ಸಾಲೂ ಅದರಿಂದಲೇ ಸಿಗುತ್ತವೆ.

ಹಂತ 10: ಬಹಿರಂಗಪಡಿಸಬಾರದ್ದನ್ನು ಬಿಡಿ

ವ್ಯಕ್ತಿಗಳ ಸ್ವಂತ ಮೊಬೈಲ್ ಸಂಖ್ಯೆಯನ್ನು ಪ್ರಕಟಿಸಬಾರದು. ತಂಡದ ಹೆಸರಿನ ಇಮೇಲ್ ವಿಳಾಸ ಸಾಕು. ಅದೂ ಇಲ್ಲದ ತಂಡಕ್ಕೆ ಡೈರೆಕ್ಟರಿಯ ಸಂಪಾದಕರೇ ಸಂದೇಶ ತಲುಪಿಸಬಹುದು. ವ್ಯಕ್ತಿಯ ಮಾಹಿತಿಯನ್ನು ಅವರ ಒಪ್ಪಿಗೆಯಿಂದ, ಹೇಳಿದ ಉದ್ದೇಶಕ್ಕೆ ಮಾತ್ರ ಬಳಸಬೇಕೆಂಬುದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆಯ ಮುಖ್ಯ ತತ್ವವೂ ಹೌದು.

ಸ್ಥಳಗಳ ವಿಷಯದಲ್ಲಿಯೂ ಇಷ್ಟೇ ಎಚ್ಚರ ಬೇಕು. ಕಾವಲಿಲ್ಲದ ಹೊಲದಲ್ಲಿರುವ ಶಿಲ್ಪ, ಅಪರೂಪದ ಹಕ್ಕಿಯ ಗೂಡು, ಒಂದು ಕುಟುಂಬ ಮಾತ್ರ ಬೆಳೆಸುತ್ತಿರುವ ತಳಿ, ಇವುಗಳ ನಿಖರ ಜಾಗವನ್ನು ಹಾಕದೆ ತಾಲೂಕಿನ ಹೆಸರಿಗೇ ನಿಲ್ಲಿಸಿ. ಹಂತ 4ರ ಉದಾಹರಣೆಯಲ್ಲಿ ಕಂಡ ಅಕ್ಷಾಂಶ, ರೇಖಾಂಶಗಳ ವಿನಿಮಯಕ್ಕೂ ಈ ಮಾತು ಅನ್ವಯಿಸುತ್ತದೆ: ಯಾವ ಕಲ್ಲಿನ ಜಾಗ ನಕ್ಷೆಗೆ ಹೋಗಬಹುದು ಎಂಬುದನ್ನು ಆ ಊರಿನವರನ್ನು ಕೇಳಿಯೇ ತೀರ್ಮಾನಿಸಬೇಕು.

ಹಂತ 11: ಪರಿಶೀಲನೆ ಮತ್ತು ಹಸ್ತಾಂತರ

ಪ್ರತಿ ನಮೂದನ್ನೂ ಆರು ತಿಂಗಳಿಗೊಮ್ಮೆ ನೋಡಬೇಕು. ಕೊಂಡಿ ತೆರೆಯುತ್ತದೆಯೇ ಎಂಬುದನ್ನು ತಂತ್ರಾಂಶವೇ ಪರೀಕ್ಷಿಸಬಲ್ಲದು, ಆದರೆ ತೆರೆದ ಪುಟ ಅದೇ ಯೋಜನೆಯದೇ ಎಂಬುದನ್ನು ಮನುಷ್ಯರೇ ನೋಡಬೇಕು, ಏಕೆಂದರೆ ನವೀಕರಿಸದ ಡೊಮೇನ್ ಹೆಸರನ್ನು ಬೇರೆಯವರು ಕೊಂಡು ಜಾಹೀರಾತು ಹಾಕುವುದುಂಟು. ನಮೂದು ಸೇರಿಸಿದ ದಿನವೇ ಯೋಜನೆಯ ಮುಖ್ಯ ಪುಟದ ಪ್ರತಿಯೊಂದನ್ನು ಜಾಲಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿ, ಆ ಕೊಂಡಿಯನ್ನೂ ಬರೆದಿಟ್ಟರೆ ಮೂಲ ತಾಣ ಅಳಿದರೂ ಅಲ್ಲೇನಿತ್ತು ಎಂಬುದು ತಿಳಿಯುತ್ತದೆ. ತಂಡಕ್ಕೆ ಸಂದೇಶ ಕಳಿಸುವಾಗ “ಎಲ್ಲ ಸರಿಯಿದೆಯೇ” ಎಂದು ಕೇಳದೆ, ಬೇಕಾದದ್ದು ಮತ್ತು ಕೊಡಬಲ್ಲದ್ದು ಕಾಲಂಗಳಲ್ಲಿ ಈಗ ಇರುವ ಮಾತನ್ನು ನಕಲಿಸಿ ಕಳಿಸಿ, ಬದಲಾಗಿದ್ದರೆ ತಿದ್ದಿಕೊಡಿ ಎಂದು ಕೇಳಬೇಕು. ಎರಡು ಸಲವೂ ಉತ್ತರ ಬರದಿದ್ದರೆ ಸ್ಥಿತಿಯನ್ನು “ನಿಧಾನ” ಎಂದು ಬದಲಿಸಿ, ಕಾರಣವನ್ನು ಬರೆದಿಡಿ.

ಸಂಪಾದಕರು ಮೂವರಾದರೂ ಇರಲಿ, ಅವರು ಬೇರೆ ಬೇರೆ ಯೋಜನೆಗಳಿಂದ ಬಂದಿರಲಿ. ಒಬ್ಬರಾದರೂ ಮಂಡ್ಯ ಜಿಲ್ಲೆಯವರು, ಒಬ್ಬರಾದರೂ ಮೈಸೂರು ಜಿಲ್ಲೆಯವರು ಆಗಿರಲಿ. ತಮ್ಮದೇ ಯೋಜನೆಯ ನಮೂದನ್ನು ಬೇರೆ ಸಂಪಾದಕರಿಂದ ತಿದ್ದಿಸಬೇಕೆಂಬ ನಿಯಮವಿರಲಿ. ಡೊಮೇನ್ ಹೆಸರು, ಕಡತದ ಒಡೆತನ, ಇಮೇಲ್ ಖಾತೆ ಇವುಗಳ ಪ್ರವೇಶ ಇಬ್ಬರ ಕೈಯಲ್ಲಾದರೂ ಇರಬೇಕು, ನವೀಕರಣದ ದಿನಾಂಕವನ್ನು ಮೂವರೂ ತಿಳಿದಿರಬೇಕು. ಪ್ರತಿ ತಿಂಗಳ ಮೊದಲ ವಾರ ಎರಡೂ ಹಾಳೆಗಳ ಸಿಎಸ್‌ವಿ ಪ್ರತಿಯನ್ನು ದಿನಾಂಕ ಸಹಿತ ಇಂಟರ್ನೆಟ್ ಆರ್ಕೈವ್‌ಗೆ ಸೇರಿಸಿ, ಅದರ ಕೊಂಡಿಯನ್ನು ಡೈರೆಕ್ಟರಿಯಲ್ಲಿರುವ ಎಲ್ಲ ತಂಡಗಳಿಗೂ ಕಳಿಸಿ, ಒಂದೊಂದು ಪ್ರತಿಯನ್ನು ಇಳಿಸಿಕೊಳ್ಳಲು ಕೇಳಿಕೊಳ್ಳಿ.